ಮೆಡಿಕಲ್ ಶಾಪಿನಲ್ಲಿ ದನಿ ತಗ್ಗಿಸಿ ಕೇಳುವ ಮಾತ್ರೆ: ಲೈಂಗಿಕ ತೊಂದರೆ ಬಗ್ಗೆ ಸಂಶೋಧನೆ ಏನು ಹೇಳುತ್ತದೆ?

ಕುಮಟಾ ಮೆಡಿಕಲ್:

ಎಲ್ಲರಿಗೂ ನಮಸ್ಕಾರ. ಕುಮಟಾದಲ್ಲಿ ನನ್ನದೊಂದು ಸಣ್ಣ ಮೆಡಿಕಲ್ ಶಾಪ್ ಇದೆ. ವಿಷಯ ಸ್ವಲ್ಪ ಮುಜುಗರದ್ದು. ಆದರೂ ಇಲ್ಲಿ ಓದಿಕೊಂಡವರು, ಡಾಕ್ಟರುಗಳು ಇದ್ದೀರಿ, ಅದಕ್ಕೇ ಎತ್ತುತ್ತಿದ್ದೇನೆ.

ಅಂಗಡಿಯಲ್ಲಿ ಜನ ಇದ್ದರೆ ಕೆಲವರು ಒಳಗೆ ಬರುವುದಿಲ್ಲ. ಹೊರಗೆ ಬೈಕ್ ಮೇಲೆ ಕೂತು ಮೊಬೈಲ್ ನೋಡುತ್ತಿರುತ್ತಾರೆ. ಜನ ಕರಗಿದ ಮೇಲೆ ಬಂದು ಮೊದಲು ಪ್ಯಾರಾಸಿಟಮಾಲ್ ಕೇಳುತ್ತಾರೆ. ದುಡ್ಡು ಕೊಡುವಾಗ ದನಿ ತಗ್ಗಿಸಿ "ಆ ಮಾತ್ರೆ ಉಂಟಾ?" ಅನ್ನುತ್ತಾರೆ. ಡಾಕ್ಟರ್ ಚೀಟಿ ಕೇಳಿದರೆ ಮುಖ ಕೆಂಪಾಗಿ ಹೊರಟುಬಿಡುತ್ತಾರೆ. ಇತ್ತೀಚೆಗೆ ಹೀಗೆ ಸಿಲ್ಡೆನಾಫಿಲ್ (ವಯಾಗ್ರಾ ಅಂತಾರಲ್ಲ, ನಿಮಿರುವ ತೊಂದರೆಯ ಆ ಮಾತ್ರೆ) ಕೇಳಿದವರೊಬ್ಬರು ಎದೆನೋವಿಗೆ ನಾಲಿಗೆ ಅಡಿ ಇಡುವ ಸಾರ್ಬಿಟ್ರೇಟ್ ಮಾತ್ರೆಯನ್ನೂ ನಮ್ಮಲ್ಲೇ ಒಯ್ಯುವವರು. ಹೃದಯದ ಪೇಷೆಂಟ್. ನಾನು ಕೊಡಲಿಲ್ಲ. ಅವರಿಗೆ ಬೇಜಾರಾಯಿತು. ಆದರೆ ಬೇರೆ ಕಡೆ ಹೋಗಿ ತೆಗೆದುಕೊಂಡರೆ ಏನು ಗತಿ ಅನ್ನೋದು ತಲೆಯಿಂದ ಹೋಗುತ್ತಿಲ್ಲ.

ನಿಜವಾಗಿ ಇದು ವಯಸ್ಸಿನ ತೊಂದರೆಯಾ, ಮನಸ್ಸಿನದ್ದಾ, ದೇಹದ್ದಾ? ಗೊತ್ತಿದ್ದವರು ಸರಿಯಾಗಿ ಬರೆಯಿರಿ. ದಯವಿಟ್ಟು ಯಾರೂ ತಮಾಷೆ ಮಾಡಬೇಡಿ.

ಹೊನ್ನಾವರ ಡಾಕ್ಟರ್:

ನೀವು ಕೊಡದೆ ಇದ್ದದ್ದು ಬಹಳ ಒಳ್ಳೆಯದಾಯಿತು. ಮೊದಲು ಅದನ್ನೇ ಹೇಳುತ್ತೇನೆ, ಜೀವದ ಪ್ರಶ್ನೆ.

ಸಾರ್ಬಿಟ್ರೇಟ್ ನೈಟ್ರೇಟ್ ಗುಂಪಿನ ಔಷಧಿ. ಅದು ರಕ್ತನಾಳವನ್ನು ಸಡಿಲ ಮಾಡುತ್ತದೆ. ಸಿಲ್ಡೆನಾಫಿಲ್ ಹೋಗುವುದೂ ಅದೇ ದಾರಿಯಲ್ಲಿ. ಎರಡೂ ಒಟ್ಟಿಗೆ ಬಿದ್ದರೆ ಬಿಪಿ ಧಸಕ್ಕನೆ ಕುಸಿಯುತ್ತದೆ, ಜೀವವೇ ಹೋಗಬಹುದು. ಸಿಲ್ಡೆನಾಫಿಲ್ ನುಂಗಿದ ಮೇಲೆ 24 ಗಂಟೆ, ಅದೇ ಗುಂಪಿನ ಟಡಾಲಾಫಿಲ್ ನುಂಗಿದ ಮೇಲೆ 48 ಗಂಟೆ ನೈಟ್ರೇಟ್ ಕೊಡುವ ಹಾಗಿಲ್ಲ. ಎದೆನೋವು ಅಂತ ಎಮರ್ಜೆನ್ಸಿಗೆ ಬಂದವರು ನಾಚಿಕೆಯಿಂದ ಇದನ್ನು ಮುಚ್ಚಿಟ್ಟರೆ ಅಲ್ಲಿರುವ ಡಾಕ್ಟರಿಗೆ ಗೊತ್ತಾಗುವುದಾದರೂ ಹೇಗೆ? ಹೆಂಡತಿ ಮಕ್ಕಳನ್ನು ಹೊರಗೆ ಕಳಿಸಿಯಾದರೂ ಹೇಳಿ.

ನಿಮ್ಮ ಗಿರಾಕಿಗೆ ದಾರಿಯೇ ಇಲ್ಲ ಅಂತಲ್ಲ. ಹೃದಯದ ಡಾಕ್ಟರಿಗೆ ಹೇಳಿದರೆ, ನೈಟ್ರೇಟ್ ಬದಲಿಗೆ ಬೇರೆ ಔಷಧಿ ಹೊಂದುತ್ತದಾ ಅಂತ ನೋಡುತ್ತಾರೆ. ವ್ಯಾಕ್ಯೂಮ್ ಪಂಪ್ ಇದೆ, ಜಾಗದಲ್ಲೇ ಕೊಡುವ ಇಂಜೆಕ್ಷನ್ ಇದೆ. ಆದರೆ ಅವರು ಬಾಯಿ ಬಿಡಬೇಕು.

ಇನ್ನು ನಿಮ್ಮ ಪ್ರಶ್ನೆ. ಮನಸ್ಸಿನಲ್ಲಿ ಆಸೆ ಹುಟ್ಟಿದಾಗ ಬೆನ್ನುಹುರಿಯ ಕೆಳಭಾಗದಿಂದ ಹೋಗುವ ನರಗಳು ನೈಟ್ರಿಕ್ ಆಕ್ಸೈಡ್ ಬಿಡುತ್ತವೆ. ಶಿಶ್ನದ ಒಳಗಿನ ಸ್ನಾಯು ಸಡಿಲಾಗುತ್ತದೆ, ರಕ್ತ ನುಗ್ಗುತ್ತದೆ, ರಕ್ತ ಹೊರಗೆ ಹೋಗುವ ನಾಳಗಳು ಒತ್ತಿ ಮುಚ್ಚಿಕೊಳ್ಳುತ್ತವೆ. ನಿಮಿರುವುದು ಅಂದರೆ ಇಷ್ಟೇ. ಇದನ್ನು ಇಳಿಸಲು ಪಿಡಿಇ-5 ಅನ್ನುವ ಕಿಣ್ವ ಇದೆ. ಮಾತ್ರೆ ಆ ಕಿಣ್ವವನ್ನು ತಡೆಯುತ್ತದೆ. ಅಂದರೆ ಆಸೆ ಹುಟ್ಟಿಸುವ ಕೆಲಸ ಮಾತ್ರೆಯದಲ್ಲ. ಗಡದ್ದಾಗಿ ಎಣ್ಣೆ ತುಪ್ಪದ ಊಟ ಮಾಡಿ, ಮಾತ್ರೆ ನುಂಗಿ, ಟಿವಿ ನೋಡುತ್ತಾ ಕೂತರೆ ಏನೂ ಆಗುವುದಿಲ್ಲ. "ಡಾಕ್ಟ್ರೇ, ಮಾತ್ರೆ ಡೂಪ್ಲಿಕೇಟ್ ಇರಬೇಕು" ಅಂತ ಬರುವವರಲ್ಲಿ ಇಂಥವರೇ ಜಾಸ್ತಿ.

ಈ ಔಷಧಿಯನ್ನು ಫೈಜರ್ ಕಂಪನಿ ಇಂಗ್ಲೆಂಡಿನಲ್ಲಿ ಎದೆನೋವಿಗೆ ಅಂತ ಪರೀಕ್ಷೆ ಮಾಡುತ್ತಿತ್ತು. ಎದೆನೋವಿಗೆ ಹೇಳಿಕೊಳ್ಳುವಷ್ಟು ಉಪಯೋಗ ಕಾಣಲಿಲ್ಲ. ಪರೀಕ್ಷೆಗೆ ಬಂದ ಗಂಡಸರು ಬೇರೆಯದೇ ಪರಿಣಾಮ ಹೇಳಿದರು. 1998ರ ಮಾರ್ಚಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ನೈಟ್ರಿಕ್ ಆಕ್ಸೈಡ್ ಕೆಲಸ ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಅವರಿಗೆ ನೊಬೆಲ್ ಬಂತು.

ಮುಖ್ಯ ಮಾತು ಇನ್ನು ಮುಂದೆ. ಹೃದಯಕ್ಕೆ ರಕ್ತ ಕೊಡುವ ನಾಳ ಸುಮಾರು 3ರಿಂದ 4 ಮಿ.ಮೀ. ಅಗಲ. ಶಿಶ್ನಕ್ಕೆ ಹೋಗುವುದು 1ರಿಂದ 2 ಮಿ.ಮೀ. ರಕ್ತನಾಳದ ಒಳಪದರ ಕೆಡುವುದು ಮೈಯಲ್ಲೆಲ್ಲಾ ಒಟ್ಟಿಗೇ, ಆದರೆ ಸಣ್ಣದರಲ್ಲಿ ಮೊದಲು ಗೊತ್ತಾಗುತ್ತದೆ. ಎಷ್ಟೋ ಜನರಲ್ಲಿ ನಿಮಿರುವ ತೊಂದರೆ ಶುರುವಾಗಿ ಎರಡರಿಂದ ಐದು ವರ್ಷದಲ್ಲಿ ಹೃದಯದ ತೊಂದರೆ ಕಾಣಿಸಿಕೊಂಡದ್ದು ಅಧ್ಯಯನಗಳಲ್ಲಿ ಇದೆ. ಅದಕ್ಕೇ ನಲವತ್ತೈದರ ಗಂಡಸು ಬಂದು ಇದನ್ನು ಹೇಳಿದರೆ ನಾನು ಮೊದಲು ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡುತ್ತೇನೆ. ಮಾತ್ರೆ ಆಮೇಲೆ.

ಶಿರಸಿ ತೋಟಿಗ:

ಡಾಕ್ಟ್ರು ಹೇಳಿದ್ದು ನಮಗೆ ಬೇಗ ಅರ್ಥವಾಗುತ್ತದೆ. ತೋಟದಲ್ಲಿ ಡ್ರಿಪ್ ಹಾಕಿದವರಿಗೆ ಗೊತ್ತು, ಪಾಚಿ ಕಟ್ಟಿದರೆ ಮೊದಲು ನಿಲ್ಲುವುದು ಸಣ್ಣ ನಳಿಗೆಯ ನೀರು. ದೊಡ್ಡ ಪೈಪಿನಲ್ಲಿ ನೀರು ಬರುತ್ತಲೇ ಇರುತ್ತದೆ, ಎಲ್ಲ ಸರಿ ಇದೆ ಅಂದುಕೊಳ್ಳುತ್ತೇವೆ.

ಆದರೆ ನನ್ನದೊಂದು ತಕರಾರು ಇದೆ. ನಮ್ಮ ಅಜ್ಜಂದಿರ ಕಾಲದಲ್ಲಿ ಇದೆಲ್ಲ ಇರಲಿಲ್ಲ. ಈಗ ಎಲ್ಲದಕ್ಕೂ ಕಾಯಿಲೆಯ ಹೆಸರು ಕೊಟ್ಟು ಮಾತ್ರೆ ಮಾರುತ್ತಾರೆ ಅನಿಸುವುದಿಲ್ಲವಾ? ಅಶ್ವಗಂಧ, ಶತಾವರಿ ಅಂತ ನಮ್ಮಲ್ಲೇ ಔಷಧಿ ಇದೆ. ಅದನ್ನು ಯಾರೂ ಹೇಳುವುದಿಲ್ಲ.

ಹೊನ್ನಾವರ ಡಾಕ್ಟರ್:

ಡ್ರಿಪ್ ಮಾತು ಚೆನ್ನಾಗಿ ಹೇಳಿದಿರಿ.

ಅಜ್ಜಂದಿರ ಕಾಲದಲ್ಲಿ ಇರಲಿಲ್ಲ ಅನ್ನೋದನ್ನು ಒಪ್ಪುವುದು ಕಷ್ಟ. ಅವರನ್ನು ಕೇಳಿದವರು ಯಾರು? ಕೇಳಿದಾಗ ಏನು ಸಿಗುತ್ತದೆ ನೋಡಿ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1987ರಿಂದ 89ರವರೆಗೆ 40ರಿಂದ 70 ವಯಸ್ಸಿನ ಗಂಡಸರನ್ನು ಕೇಳಿದರು. 52 ಶೇಕಡಾ ಜನರಿಗೆ ಒಂದಲ್ಲ ಒಂದು ಮಟ್ಟದ ನಿಮಿರುವ ತೊಂದರೆ ಇತ್ತು. ಅದು ದೂರದ ಊರು ಅನ್ನಬಹುದು. ನಮ್ಮದೇ ರಾಜ್ಯದಲ್ಲಿ, ಮೈಸೂರಿನ ಮನೋವೈದ್ಯ ಡಾ. ಟಿ.ಎಸ್. ಸತ್ಯನಾರಾಯಣ ರಾವ್ ಮತ್ತು ಸಂಗಡಿಗರು ಹಳ್ಳಿಯಲ್ಲಿ ಮಾಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಗಂಡಸರಲ್ಲಿ ಸುಮಾರು 21 ಶೇಕಡಾ, ಹೆಂಗಸರಲ್ಲಿ ಸುಮಾರು 14 ಶೇಕಡಾ ಜನರಿಗೆ ಯಾವುದಾದರೊಂದು ಲೈಂಗಿಕ ತೊಂದರೆ ಇತ್ತು. ಹಳ್ಳಿಯ ಸೊಪ್ಪು ಗಂಜಿ ಉಣ್ಣುವವರಿಗೂ ಇದೆ ಅಂತಾಯಿತು.

ಆಯುರ್ವೇದದ ಬಗ್ಗೆ ನನಗೆ ದ್ವೇಷ ಇಲ್ಲ. ಓದಿ ಪದವಿ ಪಡೆದ ವೈದ್ಯರ ಹತ್ತಿರ ಹೋಗಿ, ಶುಗರ್ ಪರೀಕ್ಷೆಯನ್ನೂ ಮಾಡಿಸಿ. ನನ್ನ ಭಯ ಇರುವುದು ಜಾತ್ರೆಯಲ್ಲಿ, ಹೆದ್ದಾರಿ ಪಕ್ಕದ ಟೆಂಟಿನಲ್ಲಿ ಸಿಗುವ ಪುಡಿಯ ಬಗ್ಗೆ. "ಗಿಡಮೂಲಿಕೆ" ಅಂತ ಮಾರುವ ಇಂಥ ಪುಡಿಗಳಲ್ಲಿ ಸಿಲ್ಡೆನಾಫಿಲ್ ಅನ್ನೇ ಬೆರೆಸಿರುವುದು ಎಷ್ಟೋ ದೇಶಗಳ ಪ್ರಯೋಗಾಲಯದಲ್ಲಿ ಸಿಕ್ಕಿಬಿದ್ದಿದೆ. ಎಷ್ಟು ಬೆರೆಸಿದ್ದಾರೆ ಅಂತ ಮಾರುವವನಿಗೂ ಗೊತ್ತಿರುವುದಿಲ್ಲ. ಸಾರ್ಬಿಟ್ರೇಟ್ ಬಳಸುವವರು ಅದನ್ನು ತಿಂದರೆ ಮೇಲೆ ಹೇಳಿದ ಅಪಾಯವೇ.

ಇನ್ನೊಂದು ಮಾತು. 1998ರಲ್ಲಿ ಪ್ರಕಟವಾದ ಸಿಲ್ಡೆನಾಫಿಲ್ ಪರೀಕ್ಷೆಯಲ್ಲಿ, ಔಷಧಿ ತೆಗೆದುಕೊಂಡವರ 69 ಶೇಕಡಾ ಪ್ರಯತ್ನ ಸಫಲವಾಯಿತು. ಔಷಧಿಯೇ ಇಲ್ಲದ ಸುಳ್ಳು ಮಾತ್ರೆ ತೆಗೆದುಕೊಂಡವರಲ್ಲೂ 22 ಶೇಕಡಾ. ನಂಬಿಕೆಗೇ ಅಷ್ಟು ಬಲ ಇದೆ. ಟೆಂಟಿನವನ ಪುಡಿ "ಕೆಲಸ ಮಾಡಿತು" ಅಂತ ಪಕ್ಕದ ಮನೆಯವರು ಹೇಳಿದರೆ, ಅದು ಇದೇ ಇರಬಹುದು.

ಕುಮಟಾ ಮೆಡಿಕಲ್:

ಒಂದು ಸೇರಿಸುತ್ತೇನೆ. 1954ರ ಡ್ರಗ್ಸ್ ಆ್ಯಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಪ್ರಕಾರ ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಅಂತ ಜಾಹೀರಾತು ಕೊಡುವುದೇ ಅಪರಾಧ. ಬಸ್ ಸ್ಟ್ಯಾಂಡಿನ ಗೋಡೆ, ಕರೆಂಟ್ ಕಂಬ ನೋಡಿದರೆ ಈ ಕಾಯ್ದೆ ಇದೆ ಅಂತ ಯಾರಿಗೂ ಅನಿಸಲಿಕ್ಕಿಲ್ಲ. ಇದು ನನಗೆ ಬಹಳ ಸಿಟ್ಟು ತರಿಸುವ ವಿಷಯ. ಚೀಟಿ ಕೇಳುವ ನಮ್ಮ ಕಡೆ ಜನ ಕೆಟ್ಟದಾಗಿ ನೋಡುತ್ತಾರೆ, ಚೀಟಿ ಕೇಳದೆ ಸಾವಿರಗಟ್ಟಲೆ ಕೀಳುವವರ ಹತ್ತಿರ ಕೈ ಮುಗಿದು ನಿಲ್ಲುತ್ತಾರೆ.

ಬೈತಖೋಲ್ ಬೋಟ್:

ಡಾಕ್ಟ್ರೇ, ನಾನು ಕಾರವಾರ ಬಂದರಿನಲ್ಲಿ ಬೋಟ್ ಕೆಲಸ ಮಾಡುವವನು. ವಯಸ್ಸು ಐವತ್ತರ ಹತ್ತಿರ. ಶುಗರ್ ಇದೆ. ಬಿಪಿ ಮಾತ್ರೆಯೂ ನಡೆಯುತ್ತಿದೆ. ನೀವು ಬರೆದ ತೊಂದರೆ ನನಗೂ ಇದೆ. ಬಿಪಿ ಮಾತ್ರೆಯಿಂದಲೇ ಹೀಗಾಗುತ್ತದೆ, ಬಿಟ್ಟುಬಿಡು ಅಂತ ಬೋಟಿನವರು ಹೇಳುತ್ತಾರೆ. ಬಿಡಬಹುದಾ? ಮನೆಯಲ್ಲಿ ಅವಳಿಗೆ ಏನೂ ಹೇಳಿಲ್ಲ. ಸಮುದ್ರದಿಂದ ಬಂದವನು ಊಟ ಮಾಡಿ ಸುಸ್ತು ಅಂತ ಮಲಗುತ್ತೇನೆ.

ಹೊನ್ನಾವರ ಡಾಕ್ಟರ್:

ಬಿಡಬೇಡಿ ಅಣ್ಣ. ಕೆಲವು ಬಿಪಿ ಮಾತ್ರೆಗಳು, ಮುಖ್ಯವಾಗಿ ಮೂತ್ರ ಜಾಸ್ತಿ ಮಾಡಿಸುವ ಥಯಾಜೈಡ್, ಹಳೆಯ ಬೀಟಾ ಬ್ಲಾಕರ್, ಈ ತೊಂದರೆ ಕೊಡಬಹುದು. ಆದರೆ ಬದಲಿ ಮಾತ್ರೆ ಬೇಕಾದಷ್ಟಿವೆ. ಡಾಕ್ಟರಿಗೆ "ಈ ಮಾತ್ರೆ ಶುರುವಾದ ಮೇಲೆ ಹೀಗಾಗಿದೆ" ಅಂತ ಒಂದು ವಾಕ್ಯ ಹೇಳಿ ಸಾಕು, ಅವರಿಗೆ ಅರ್ಥವಾಗುತ್ತದೆ. ನೀವಾಗಿ ಬಿಟ್ಟರೆ ಸಮುದ್ರದ ಮಧ್ಯೆ ಸ್ಟ್ರೋಕ್ ಆದರೆ ದಡಕ್ಕೆ ತರುವವರು ಯಾರು?

ನಿಮ್ಮಲ್ಲಿ ಶುಗರ್ ಪಾತ್ರ ದೊಡ್ಡದಿರಬಹುದು. ಅದು ರಕ್ತನಾಳವನ್ನೂ ನರವನ್ನೂ ಎರಡನ್ನೂ ಕೆಡಿಸುತ್ತದೆ. ಶುಗರ್ ಇರುವವರಿಗೆ ಈ ತೊಂದರೆ ಉಳಿದವರಿಗಿಂತ 10ರಿಂದ 15 ವರ್ಷ ಮೊದಲೇ ಬರುತ್ತದೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಮಾಡಿಸಿ. ಬೀಡಿ, ಸಿಗರೇಟು ಇದ್ದರೆ ಬಿಡಿ. ಕವಳಕ್ಕೆ ಹೊಗೆಸೊಪ್ಪು ಹಾಕುವವರಿಗೂ ಹೇಳುತ್ತೇನೆ, ನಿಕೋಟಿನ್ ರಕ್ತನಾಳವನ್ನು ಬಿಗಿ ಮಾಡುತ್ತದೆ.

ನಡಿಗೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಲವು ಪರೀಕ್ಷೆಗಳನ್ನು ಒಟ್ಟು ಮಾಡಿ ನೋಡಿದ 2018ರ ಒಂದು ವಿಮರ್ಶೆ, ಬೆವರು ಬರುವ ಹಾಗೆ 40 ನಿಮಿಷ, ವಾರಕ್ಕೆ ನಾಲ್ಕು ಸಲ, ಆರು ತಿಂಗಳು ವ್ಯಾಯಾಮ ಮಾಡಿದರೆ ರಕ್ತನಾಳದ ಕಾರಣದ ತೊಂದರೆ ಇಳಿಯುತ್ತದೆ ಅನ್ನುತ್ತದೆ. ಇಟಲಿಯಲ್ಲಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 110 ದಪ್ಪ ಗಂಡಸರಲ್ಲಿ, ಊಟ ವ್ಯಾಯಾಮ ಸರಿ ಮಾಡಿಕೊಂಡ ಗುಂಪಿನ ಸುಮಾರು ಮೂರರಲ್ಲಿ ಒಬ್ಬರಿಗೆ ಎರಡು ವರ್ಷದಲ್ಲಿ ಮೊದಲಿನಂತಾಯಿತು. ಜೂನ್ ಜುಲೈ ಮೀನುಗಾರಿಕೆ ರಜೆಯಲ್ಲಿ ಬೋಟ್ ಇಳಿಯುವುದಿಲ್ಲ ಅಲ್ವಾ, ಆಗಲೇ ಶುರು ಮಾಡಿ. ಮಳೆ ಬಿಟ್ಟಾಗ ಟ್ಯಾಗೋರ್ ಬೀಚ್ ಮರಳಿನಲ್ಲಿ ನಡೆದರೂ ಆಯ್ತು.

ಅಂಕೋಲಾ ಅಕ್ಕ:

ಬೋಟಿನ ತಮ್ಮನಿಗೆ ಒಂದು ಮಾತು. ನಾನು ನರ್ಸ್ ಆಗಿ ನಿವೃತ್ತಿಯಾದವಳು. ನೀನು ಸುಸ್ತು ಅಂತ ಗೋಡೆ ಕಡೆ ತಿರುಗಿ ಮಲಗಿದರೆ ನಿನ್ನ ಹೆಂಡತಿ ಏನು ಅಂದುಕೊಳ್ಳುತ್ತಾಳೆ ಗೊತ್ತಾ? ಇವನಿಗೆ ನಾನು ಬೇಡವಾದೆ, ಇಲ್ಲ ಗೋವಾದಲ್ಲಿ ಯಾರೋ ಇದ್ದಾಳೆ. ಎಷ್ಟು ಹೆಂಗಸರು ನನ್ನ ಹತ್ತಿರ ಇದನ್ನೇ ಹೇಳಿ ಅತ್ತಿದ್ದಾರೆ. ಶುಗರ್‌ನಿಂದ ಹೀಗಾಗಿದೆ ಅಂತ ಹೇಳಿಬಿಡು. ಅವಳಿಗೂ ಹಗುರ, ನಿನಗೂ ಹಗುರ.

ಬೈತಖೋಲ್ ಬೋಟ್:

ಸರಿ ಅಕ್ಕ. ಅವಳು ಹಾಗೆ ಅಂದುಕೊಂಡಿರಬಹುದು ಅಂತ ನನಗೆ ಹೊಳೆದೇ ಇರಲಿಲ್ಲ.

ಯಾಣದ ಹಾದಿ:

ಹೆಸರು ಹೇಳುವುದಿಲ್ಲ, ಕ್ಷಮಿಸಿ. ಶಿರಸಿ ಕಡೆಯವನು, ಇಪ್ಪತ್ತೊಂಬತ್ತು. ಮದುವೆಯಾಗಿ ಒಂದು ವರ್ಷವೂ ಆಗಿಲ್ಲ. ಬಿಪಿ ಶುಗರ್ ಏನೂ ಇಲ್ಲ. ಒಬ್ಬನೇ ಇದ್ದಾಗ ಎಲ್ಲ ಸರಿ, ಬೆಳಿಗ್ಗೆ ಎದ್ದಾಗಲೂ ಸರಿ. ಹೆಂಡತಿ ಜೊತೆ ಇದ್ದಾಗ ಮಾತ್ರ ಆಗುವುದಿಲ್ಲ. ಹೈಸ್ಕೂಲಿನಿಂದ ಹಸ್ತಮೈಥುನ ಅಭ್ಯಾಸ ಇತ್ತು. ಮೂತ್ರದಲ್ಲಿ ಬೆಳ್ಳಗೆ ಹೋಗುತ್ತದೆ. ಧಾತು ಹೋಗಿ ಹೋಗಿ ನರ ದುರ್ಬಲ ಆಗಿದೆ ಅಂತ ಒಬ್ಬರು ಹೇಳಿ ಮೂರು ತಿಂಗಳ ಕೋರ್ಸ್ ಕೊಟ್ಟರು, ಬಹಳ ದುಡ್ಡು ಹೋಯಿತು. ಮನೆಯಲ್ಲಿ ಅಮ್ಮ "ವಿಶೇಷ ಇಲ್ಲವಾ" ಅಂತ ಕೇಳುತ್ತಾಳೆ. ಯಾರ ಹತ್ತಿರ ಹೇಳುವುದು ತಿಳಿಯುತ್ತಿಲ್ಲ.

ಕಾರವಾರ ಕೌನ್ಸೆಲರ್:

ತಮ್ಮ, ಹೇಳಿಕೊಂಡದ್ದು ಒಳ್ಳೆಯದಾಯಿತು. ನಾನು ಮನಶ್ಶಾಸ್ತ್ರ ಓದಿ ಆಪ್ತಸಮಾಲೋಚನೆ ಮಾಡುವವಳು. ನಿಮ್ಮ ಮಾತಿನಲ್ಲೇ ಅರ್ಧ ಉತ್ತರ ಇದೆ. ಬೆಳಿಗ್ಗೆ ಸರಿ ಇದೆ ಅಂದಿರಲ್ಲ, ಅದು ಬಹಳ ಮುಖ್ಯ. ಆರೋಗ್ಯವಂತ ಗಂಡಸಿಗೆ ನಿದ್ದೆಯಲ್ಲಿ, ಕನಸು ಬೀಳುವ ಹಂತದಲ್ಲಿ, ರಾತ್ರಿಗೆ ಮೂರರಿಂದ ಐದು ಸಲ ನಿಮಿರುತ್ತದೆ. ಅದು ಆಗುತ್ತಿದೆ ಅಂದರೆ ನರವೂ ರಕ್ತನಾಳವೂ ತಮ್ಮ ಕೆಲಸ ಮಾಡುತ್ತಿವೆ. ಆದರೂ ಒಮ್ಮೆ ಡಾಕ್ಟರಿಗೆ ತೋರಿಸಿ.

ಮೊದಲು ಧಾತು ವಿಷಯ. ನಲವತ್ತು ಹನಿ ರಕ್ತಕ್ಕೆ ಒಂದು ಹನಿ ವೀರ್ಯ ಅನ್ನುವುದನ್ನು ನಾವೆಲ್ಲ ಕೇಳಿಕೊಂಡೇ ಬೆಳೆದವರು. ದೇಹದಲ್ಲಿ ಅಂಥ ಲೆಕ್ಕವೇ ಇಲ್ಲ. ವೀರ್ಯದ ಹೆಚ್ಚಿನ ಪಾಲು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಯ ದ್ರವ. ಎಂಜಲಿನ ಹಾಗೆ ಅದು ತಯಾರಾಗುತ್ತಲೇ ಇರುತ್ತದೆ. ಮೂತ್ರ ಬೆಳ್ಳಗೆ ಕಾಣುವುದು ಹೆಚ್ಚಿನ ಸಲ ಫಾಸ್ಫೇಟ್ ಲವಣದಿಂದ. ಮಲಬದ್ಧತೆಯಲ್ಲಿ ಮುಕ್ಕಿದಾಗ ಪ್ರಾಸ್ಟೇಟ್ ದ್ರವ ಒಂದೆರಡು ಹನಿ ಬರಬಹುದು. ಉರಿ, ಜ್ವರ ಇದ್ದರೆ ಮಾತ್ರ ಸೋಂಕಿನ ಪರೀಕ್ಷೆ ಬೇಕು. ಹಸ್ತಮೈಥುನದಿಂದ ನರ ಸೋಲುವುದಿಲ್ಲ.

ಇದೇ ಭಯವನ್ನು ಹೊತ್ತುಕೊಂಡು ಬರುವ ಹುಡುಗರನ್ನು ನೋಡಿ ಡಾ. ನರೇಂದ್ರನಾಥ್ ವಿಗ್ 1960ರಲ್ಲಿ "ಧಾತ್ ಸಿಂಡ್ರೋಮ್" ಅಂತ ಹೆಸರಿಟ್ಟರು. ಸುಸ್ತು, ಬೆನ್ನುನೋವು, ಮರೆವು, ನಿದ್ದೆ ಇಲ್ಲ, ಎಲ್ಲವೂ ವೀರ್ಯ ಹೋಗಿದ್ದರಿಂದ ಅಂತ ನಂಬಿರುತ್ತಾರೆ. ಕೂತು ಮಾತಾಡಿಸಿದರೆ ಒಳಗೆ ಆತಂಕ ಅಥವಾ ಖಿನ್ನತೆ ಇರುತ್ತದೆ. ಆ ಸುಸ್ತು ನಿಜವಾದದ್ದು, ನಾಟಕ ಅಲ್ಲ. ಚಿಕಿತ್ಸೆ ಕೊಡಬೇಕಾದದ್ದು ಖಿನ್ನತೆಗೆ.

ಈಗ ಹೆಂಡತಿ ಜೊತೆ ಮಾತ್ರ ಯಾಕೆ ಹೀಗೆ? 1980ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಬಾರ್ಲೋ ಮತ್ತು ಅವರ ಜೊತೆಗಾರರು ಪ್ರಯೋಗಾಲಯದಲ್ಲಿ ಇದನ್ನೇ ಕೆದಕಿದರು. ತೊಂದರೆ ಇಲ್ಲದ ಗಂಡಸರಿಗೆ "ಶಾಕ್ ಕೊಡಬಹುದು" ಅಂತ ಹೆದರಿಸಿದರೂ ಅವರ ಉದ್ರೇಕ ಇಳಿಯಲಿಲ್ಲ, ಕೆಲವೊಮ್ಮೆ ಏರಿತು. ತೊಂದರೆ ಇದ್ದವರಿಗೆ ಅದೇ ಹೆದರಿಕೆಯಲ್ಲಿ ಇಳಿಯಿತು. ಬಾರ್ಲೋ ಕಂಡುಕೊಂಡದ್ದು ಇದು: ಹೆದರಿಕೆಗಿಂತ ಗಮನ ಎಲ್ಲಿದೆ ಅನ್ನೋದು ದೊಡ್ಡದು. ಸಲೀಸಾಗಿ ಇರುವವನ ಗಮನ ಸಂಗಾತಿಯ ಮೇಲೆ, ಸ್ಪರ್ಶದ ಮೇಲೆ ಇರುತ್ತದೆ. ತೊಂದರೆಯವನ ಗಮನ "ಈಗ ಆಗುತ್ತದಾ, ಇಳಿಯಿತಾ, ಅವಳು ಏನು ಅಂದುಕೊಂಡಳು" ಅನ್ನುವುದರ ಮೇಲೆ. ತನ್ನನ್ನೇ ತಾನು ಹೊರಗೆ ನಿಂತು ನೋಡುತ್ತಿರುತ್ತಾನೆ. ಆಗ ಅಡ್ರಿನಲಿನ್ ಏರುತ್ತದೆ, ಅದು ಆ ಸ್ನಾಯುವನ್ನು ಬಿಗಿ ಮಾಡುತ್ತದೆ, ರಕ್ತ ನಿಲ್ಲುವುದಿಲ್ಲ. ಒಂದು ಸಲ ಆಗದಿದ್ದರೆ ಮುಂದಿನ ಸಲಕ್ಕೆ ಭಯ ಮೊದಲೇ ಬಂದು ಕೂತಿರುತ್ತದೆ.

ಇದಕ್ಕೆ ಅಮೆರಿಕದ ಲೈಂಗಿಕ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ 1970ರಲ್ಲಿ ಹೇಳಿದ ದಾರಿ ಇವತ್ತಿಗೂ ಬಳಕೆಯಲ್ಲಿದೆ. ಕೆಲವು ವಾರ ಸಂಭೋಗ ಬೇಡ ಅಂತ ಇಬ್ಬರೂ ಒಪ್ಪಿಕೊಳ್ಳುವುದು. ಆ ದಿನಗಳಲ್ಲಿ ಬರೀ ಮುಟ್ಟುವುದು, ಸವರುವುದು. ಮೊದಲು ಬೆನ್ನು, ಕೈ, ತಲೆ. ಜನನಾಂಗ ಮುಟ್ಟುವ ಹಾಗಿಲ್ಲ. ನಿಮಿರಿದರೂ ಸರಿ, ನಿಮಿರದಿದ್ದರೂ ಸರಿ, ಅವತ್ತು ಸಾಧಿಸುವುದು ಏನೂ ಇಲ್ಲ. ಪರೀಕ್ಷೆಯೇ ಇಲ್ಲದ ಮೇಲೆ ಫೇಲಾಗುವ ಭಯ ಎಲ್ಲಿಂದ? ವಾರ ಕಳೆದ ಹಾಗೆ ಒಂದೊಂದೇ ಹೆಜ್ಜೆ ಮುಂದೆ. ಕೆಲವರಿಗೆ ಡಾಕ್ಟರ್ ಸ್ವಲ್ಪ ದಿನ ಮಾತ್ರೆಯನ್ನೂ ಜೊತೆಗೆ ಕೊಡುತ್ತಾರೆ, ಧೈರ್ಯ ಬರಲಿ ಅಂತ.

ಒಂದು ಕಷ್ಟ ನನಗೆ ಗೊತ್ತು. ಘಟ್ಟದ ಮೇಲಿನ ದೊಡ್ಡ ಮನೆಗಳಲ್ಲಿ ಹಲಗೆಯ ಗೋಡೆ, ಆಚೆ ಅಜ್ಜಿ ಕೆಮ್ಮುತ್ತಿರುತ್ತಾಳೆ, ಬಾಗಿಲಿಗೆ ಚಿಲಕ ಸರಿ ಇರುವುದಿಲ್ಲ. ಮೊದಲು ಚಿಲಕ ಸರಿ ಮಾಡಿಸಿ. ಇದು ಚಿಕಿತ್ಸೆಯ ಭಾಗವೇ.

ಯಾಣದ ಹಾದಿ:

ಮೇಡಂ, ಎರಡು ಸಲ ಓದಿದೆ. ಹೊರಗೆ ನಿಂತು ನೋಡುವುದು ಅಂದಿರಲ್ಲ, ಸರಿಯಾಗಿ ಹಾಗೇ ಆಗುವುದು. ಇನ್ನೊಂದು ಪ್ರಶ್ನೆ. ಒಂದೊಂದು ಸಲ ಆದರೂ ಬೇಗ ಮುಗಿದುಹೋಗುತ್ತದೆ. ಅರ್ಧ ಗಂಟೆ ಆಗಬೇಕು ಅಂತಾರಲ್ಲ?

ಹೊನ್ನಾವರ ಡಾಕ್ಟರ್:

ಅರ್ಧ ಗಂಟೆ ಅಂತ ಹೇಳಿದವರು ಯಾರು? ವಾಲ್ಡಿಂಗರ್ ಅನ್ನುವ ಸಂಶೋಧಕರ ತಂಡ ಐದು ದೇಶಗಳ ಸುಮಾರು 500 ಜೋಡಿಗಳಿಗೆ ಸ್ಟಾಪ್‌ವಾಚ್ ಕೊಟ್ಟು, ಸಂಭೋಗ ಶುರುವಾದಾಗಿನಿಂದ ಸ್ಖಲನದವರೆಗೆ ಎಷ್ಟು ಹೊತ್ತು ಅಂತ ಅಳೆಸಿತು. 2005ರಲ್ಲಿ ಪ್ರಕಟವಾಯಿತು. ನಡುವಿನ ಲೆಕ್ಕ 5.4 ನಿಮಿಷ, ಅಂದರೆ ಅರ್ಧ ಜನರದ್ದು ಅದಕ್ಕಿಂತ ಕಡಿಮೆ, ಅರ್ಧ ಜನರದ್ದು ಜಾಸ್ತಿ. ಅರ್ಧ ನಿಮಿಷದವರೂ ಇದ್ದರು, 44 ನಿಮಿಷದವರೂ ಇದ್ದರು. ಮೊಬೈಲಿನಲ್ಲಿ ನೋಡುವ ವಿಡಿಯೋಗಳಿಗೆ ಕತ್ತರಿ ಹಾಕಿ ಜೋಡಿಸಿರುತ್ತಾರೆ, ಅದನ್ನು ಅಳತೆಗೋಲು ಮಾಡಿಕೊಳ್ಳಬೇಡಿ.

ಮೊದಲಿನಿಂದಲೂ ಹೆಚ್ಚುಕಡಿಮೆ ಒಂದು ನಿಮಿಷದೊಳಗೆ ಆಗುವುದು, ತಡೆಯಲು ಆಗದಿರುವುದು, ಅದರಿಂದ ಬೇಸರ ಇರುವುದು, ಈ ಮೂರೂ ಸೇರಿದರೆ ಶೀಘ್ರಸ್ಖಲನ ಅನ್ನುತ್ತೇವೆ. ಅದಕ್ಕೂ ಚಿಕಿತ್ಸೆ ಇದೆ. ಸ್ಖಲನ ಆಗುವ ಮೊದಲು ನಿಲ್ಲಿಸಿ, ಆ ಒತ್ತಡ ಇಳಿದ ಮೇಲೆ ಮತ್ತೆ ಶುರು ಮಾಡುವ ಅಭ್ಯಾಸವನ್ನು ಜೇಮ್ಸ್ ಸೀಮನ್ಸ್ 1956ರಲ್ಲೇ ಬರೆದಿಟ್ಟರು. ಮರಗಟ್ಟಿಸುವ ಮುಲಾಮು, ಡಪಾಕ್ಸಿಟಿನ್ ಮಾತ್ರೆ ಇವೆ, ಚೀಟಿ ಮೇಲೆ. ನಿಮ್ಮದರಲ್ಲಿ ಆತಂಕ ಇಳಿದರೆ ಇದೂ ಸರಿಹೋಗಬಹುದು. ಇಳಿದುಬಿಡುತ್ತದೆ ಅನ್ನುವ ಭಯಕ್ಕೆ ಅವಸರ ಮಾಡುವವರು ತುಂಬಾ ಜನ.

ಅಂಕೋಲಾ ಅಕ್ಕ:

ಇಷ್ಟು ಹೊತ್ತು ಗಂಡಸರದ್ದೇ ಆಯಿತು. ನಮ್ಮದನ್ನು ಯಾರೂ ಎತ್ತಲಿಲ್ಲ. ನಾನೇ ಎತ್ತುತ್ತೇನೆ.

ಹೆರಿಗೆ ಆದವಳಿಗೆ ನೋವು, ಹಾಲು ಕುಡಿಸುವವಳಿಗೆ ಒಣಗುವುದು, ಮುಟ್ಟು ನಿಂತವಳಿಗೆ ಉರಿ. ಎಲ್ಲರೂ ಹಲ್ಲು ಕಚ್ಚಿಕೊಂಡು ಇರುತ್ತಾರೆ. ಬೆಳಗಿನ ಜಾವ ಎದ್ದು ಮೀನು ಬುಟ್ಟಿ ಹೊತ್ತು ಊರೂರು ತಿರುಗಿ, ಸಂಜೆ ಅಡುಗೆ ಮಾಡಿ, ರಾತ್ರಿ ಆಸೆಯೂ ಇರಬೇಕು ಅಂದರೆ ಎಲ್ಲಿಂದ ಬರುತ್ತದೆ? ಗಂಡ ಕುಡಿದು ಬಂದರಂತೂ ಕೇಳುವುದೇ ಬೇಡ. ಇದೆಲ್ಲ ಕಾಯಿಲೆಯಾ?

ಕಾರವಾರ ಕೌನ್ಸೆಲರ್:

ಅಕ್ಕ, ಸಂಶೋಧಕರೇ ಜಗಳ ಆಡಿದ ಪ್ರಶ್ನೆ ಇದು. 1999ರಲ್ಲಿ ಅಮೆರಿಕದ ಒಂದು ಅಧ್ಯಯನ 43 ಶೇಕಡಾ ಹೆಂಗಸರಿಗೆ ಲೈಂಗಿಕ ತೊಂದರೆ ಇದೆ ಅಂದಿತು. ಔಷಧಿ ಕಂಪನಿಗಳಿಗೆ ಹಬ್ಬವಾಯಿತು. ಜಾನ್ ಬ್ಯಾಂಕ್ರಾಫ್ಟ್ ಅವರಂಥ ಲೈಂಗಿಕ ಸಂಶೋಧಕರು ಒಪ್ಪಲಿಲ್ಲ. ಸುಸ್ತಾದವಳಿಗೆ, ಗಂಡನ ಮೇಲೆ ಸಿಟ್ಟಿರುವವಳಿಗೆ ಆಸೆ ಬರದಿದ್ದರೆ ಅದು ದೇಹ ಸರಿಯಾಗಿ ಕೆಲಸ ಮಾಡುತ್ತಿರುವ ಗುರುತೂ ಆಗಿರಬಹುದು, ಅದನ್ನು ಕಾಯಿಲೆ ಅನ್ನಬೇಡಿ ಅಂದರು. 2008ರಲ್ಲಿ ಮೂವತ್ತೊಂದು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಕೇಳಿದಾಗ ತೊಂದರೆ ಅಂದವರು ಮತ್ತೆ ಸುಮಾರು 43 ಶೇಕಡಾನೇ. ಆದರೆ "ಇದರಿಂದ ನಿಮಗೆ ದುಃಖ ಇದೆಯಾ" ಅಂತಲೂ ಕೇಳಿದರು. ತೊಂದರೆಯೂ ಇದೆ, ದುಃಖವೂ ಇದೆ ಅಂದವರು 12 ಶೇಕಡಾ. ಈ ಎರಡನೇ ಪ್ರಶ್ನೆ ಕೇಳದೆ ಯಾರಿಗೂ ಕಾಯಿಲೆ ಅಂತ ಚೀಟಿ ಅಂಟಿಸಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ.

ಆಸೆ ಮೊದಲು, ಮುಟ್ಟುವುದು ಆಮೇಲೆ ಅನ್ನುವ ಕ್ರಮವೂ ಎಲ್ಲರಿಗೆ ಹೊಂದುವುದಿಲ್ಲ. ಕೆನಡಾದ ರೋಸ್‌ಮರಿ ಬ್ಯಾಸನ್ 2000ದಲ್ಲಿ ಬರೆದ ಹಾಗೆ, ತುಂಬಾ ಹೆಂಗಸರಲ್ಲಿ, ಅದರಲ್ಲೂ ಮದುವೆಯಾಗಿ ವರ್ಷಗಳಾದ ಮೇಲೆ, ಪ್ರೀತಿಯ ಮಾತು, ಸ್ಪರ್ಶ ಮೊದಲು ಬರುತ್ತದೆ, ಆಸೆ ಅದರ ಹಿಂದೆ ಹುಟ್ಟುತ್ತದೆ. ತಾನಾಗಿ ಬರಲಿಲ್ಲ ಅಂತ ಅವಳನ್ನು ತಣ್ಣಗಿನವಳು ಅನ್ನುವುದು ಅನ್ಯಾಯ.

ಬಿಳಿ ಸೆರಗಿನ ಬಗ್ಗೆಯೂ ಹೇಳಬೇಕು. ನಮ್ಮ ಪಕ್ಕದ ಗೋವಾದಲ್ಲೇ ಮನೋವೈದ್ಯ ಡಾ. ವಿಕ್ರಮ್ ಪಟೇಲ್ ತಂಡ ಸುಮಾರು 2,500 ಹೆಂಗಸರನ್ನು ಅಧ್ಯಯನ ಮಾಡಿತು. ಬಿಳಿ ಸೆರಗು ಅಂತ ದೂರುವವರಲ್ಲಿ ಸೋಂಕಿಗಿಂತ ಖಿನ್ನತೆ, ಆತಂಕದ ನಂಟೇ ಜಾಸ್ತಿ ಕಂಡಿತು. ಪರೀಕ್ಷೆ ಬೇಡ ಅಂತಲ್ಲ. ಬರೀ ಆ್ಯಂಟಿಬಯೋಟಿಕ್ ಬರೆದು ಕಳಿಸಿದರೆ ಆ ಹೆಂಗಸಿನ ನಿಜವಾದ ಕಷ್ಟ ಹಾಗೇ ಉಳಿಯುತ್ತದೆ.

ಹೊನ್ನಾವರ ಡಾಕ್ಟರ್:

ಅಕ್ಕ ಹೇಳಿದ ಒಣಗುವುದು, ಉರಿ, ಇವು ಈಸ್ಟ್ರೋಜನ್ ಇಳಿದದ್ದರಿಂದ. ಮುಟ್ಟು ನಿಂತವರಿಗೆ ಯೋನಿಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಇದೆ, ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಸ್ತನದ ಕ್ಯಾನ್ಸರ್ ಆದವರು ಮಾತ್ರ ತಮ್ಮ ಡಾಕ್ಟರನ್ನು ಕೇಳಿಯೇ ಬಳಸಬೇಕು. ಜಾರಲು ತೆಂಗಿನೆಣ್ಣೆ ಹಚ್ಚುವುದು ನಮ್ಮ ಕರಾವಳಿಯ ರೂಢಿ. ಕಾಂಡೋಮ್ ಬಳಸುವವರು ಹಚ್ಚಬೇಡಿ, ಎಣ್ಣೆಗೆ ಆ ರಬ್ಬರ್ ಹರಿಯುತ್ತದೆ. ನೀರಿನ ಅಂಶದ ಜೆಲ್ ಮೆಡಿಕಲ್‌ನಲ್ಲಿ ಸಿಗುತ್ತದೆ.

ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆಗಳಿಂದ ಗಂಡಸರಿಗೂ ಹೆಂಗಸರಿಗೂ ಆಸಕ್ತಿ ಇಳಿಯಬಹುದು, ಸುಖದ ತುದಿ ಮುಟ್ಟಲು ತಡವಾಗಬಹುದು. ಅದನ್ನೂ ಹೇಳಿ, ಮಾತ್ರೆ ಬದಲಿಸಬಹುದು. ಏಕ್‌ದಂ ನಿಲ್ಲಿಸಬೇಡಿ.

ಶಿರಸಿ ತೋಟಿಗ:

ಇಷ್ಟೆಲ್ಲ ಓದಿದ ಮೇಲೆ ಒಂದು ಪ್ರಶ್ನೆ. ನಮ್ಮ ಜಿಲ್ಲೆಯಲ್ಲಿ ದೊಡ್ಡ ಸ್ಪೆಷಲಿಸ್ಟ್ ಬೇಕು ಅಂದರೆ ಮಣಿಪಾಲ, ಹುಬ್ಬಳ್ಳಿ, ಗೋವಾ ಅಂತ ಓಡುತ್ತೇವೆ. ಇದಕ್ಕೂ ಅಷ್ಟು ದೂರ ಹೋಗಬೇಕಾ? ಮತ್ತೆ ಒಳಗೆ ಹೋಗಿ ಏನಂತ ಹೇಳುವುದು? ಹೊರಗೆ ಕೂತವರೆಲ್ಲ ಗುರುತಿನವರೇ ಇರುತ್ತಾರೆ.

ಹೊನ್ನಾವರ ಡಾಕ್ಟರ್:

ಮೊದಲ ಹೆಜ್ಜೆಗೆ ಬೇಡ. ಬಿಪಿ, ಶುಗರ್, ಕೊಲೆಸ್ಟ್ರಾಲ್, ಬೇಕಿದ್ದರೆ ಬೆಳಿಗ್ಗೆ ಹೊತ್ತು ಟೆಸ್ಟೋಸ್ಟಿರೋನ್. ತಾಲೂಕು ಆಸ್ಪತ್ರೆಯ ಡಾಕ್ಟರಿಗೆ ತೋರಿಸಿದರೆ ಸಾಕು, ರಕ್ತ ಪರೀಕ್ಷೆ ಊರಿನ ಲ್ಯಾಬಿನಲ್ಲೇ ಆಗುತ್ತದೆ. ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಗೂ ಹೋಗಬಹುದು. ಟೆಸ್ಟೋಸ್ಟಿರೋನ್ ಒಂದೇ ಸಲದ ಪರೀಕ್ಷೆ ನೋಡಿ ಇಂಜೆಕ್ಷನ್ ಚುಚ್ಚಿಸಿಕೊಳ್ಳಬೇಡಿ, ಎರಡು ಸಲ ನೋಡಬೇಕು. ಮಗು ಬೇಕು ಅನ್ನುವವರಿಗೆ ಆ ಇಂಜೆಕ್ಷನ್ ವೀರ್ಯಾಣುವನ್ನೇ ಕಡಿಮೆ ಮಾಡುತ್ತದೆ. ಜಿಮ್ ಹುಡುಗರು ಇದನ್ನು ಗಮನಿಸಿ.

ಒಳಗೆ ಹೋಗಿ ಹೇಳುವುದು ಸುಲಭ. "ಡಾಕ್ಟ್ರೇ, ಗಂಡ ಹೆಂಡತಿ ಸಂಬಂಧದಲ್ಲಿ ತೊಂದರೆ ಆಗುತ್ತಿದೆ, ಸ್ವಲ್ಪ ಒಬ್ಬರೇ ಇದ್ದಾಗ ಹೇಳಬೇಕು." ಇಷ್ಟು ಸಾಕು. ಬಾಯಿ ಬರದಿದ್ದರೆ ಚೀಟಿಯಲ್ಲಿ ಬರೆದು ಕೊಡಿ. ನನಗೆ ಹಾಗೆ ಕೊಟ್ಟವರಿದ್ದಾರೆ.

ಕಾರವಾರ ಕೌನ್ಸೆಲರ್:

ಊರಿನಲ್ಲಿ ಮುಖ ತೋರಿಸಲು ಆಗದವರು ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಆತಂಕ, ಖಿನ್ನತೆ, ಧಾತು ಭಯ ಎಲ್ಲಕ್ಕೂ ಶುರು ಮಾಡಲು ಒಳ್ಳೆಯ ಜಾಗ.

ಭಟ್ಕಳದ ಓದುಗಿ:

ಎಲ್ಲ ಓದಿ ಧೈರ್ಯ ಮಾಡಿ ಬರೆಯುತ್ತಿದ್ದೇನೆ. ಮದುವೆಯಾಗಿ ಎರಡು ವರ್ಷ. ನನ್ನ ಗಂಡ ಒಳ್ಳೆಯವರು. ಆದರೆ ಹತ್ತಿರ ಬಂದ ಕೂಡಲೇ ನನ್ನ ಮೈ ಬಿಗಿದುಕೊಳ್ಳುತ್ತದೆ, ಗೋಡೆ ಕಟ್ಟಿದ ಹಾಗೆ. ಒಂದು ಸಲವೂ ಆಗಿಲ್ಲ. ಡಾಕ್ಟರ್ ಪರೀಕ್ಷೆ ಮಾಡಲು ಹೋದರೂ ಹಾಗೇ. ಅಲ್ಲಿ "ಸ್ವಲ್ಪ ಸಹಿಸಿಕೋ" ಅಂದರು. ಇದು ನನ್ನ ತಪ್ಪಾ?

ಕಾರವಾರ ಕೌನ್ಸೆಲರ್:

ಖಂಡಿತ ಅಲ್ಲ. ಇದನ್ನು ವಜೈನಿಸ್ಮಸ್ ಅನ್ನುತ್ತಾರೆ. ಯೋನಿಯ ಸುತ್ತಲಿನ ಸ್ನಾಯು ಭಯಕ್ಕೆ ತಾನಾಗಿ ಬಿಗಿಯುತ್ತದೆ, ಧೂಳು ಬಂದರೆ ಕಣ್ಣು ಮುಚ್ಚುವಷ್ಟೇ ತಾನಾಗಿ. ಸಹಿಸಿಕೊಂಡರೆ ಭಯ ಇನ್ನೂ ಗಟ್ಟಿಯಾಗುತ್ತದೆ. ಅದಕ್ಕೇ ಒತ್ತಾಯದ ಪ್ರಯತ್ನ ಇವತ್ತಿನಿಂದಲೇ ನಿಲ್ಲಿಸಿ.

ಸರಿಹೋಗುವ ಸಾಧ್ಯತೆ ಬಹಳ ಚೆನ್ನಾಗಿದೆ. ನೆದರ್ಲೆಂಡ್ಸ್‌ನಲ್ಲಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಿಮ್ಮಂಥದೇ ತೊಂದರೆ ಇದ್ದ 70 ಹೆಂಗಸರಿದ್ದರು. ಥೆರಪಿಸ್ಟ್ ಪಕ್ಕದಲ್ಲಿದ್ದು ಮೆಲ್ಲಗೆ ಹೆಜ್ಜೆ ಹೆಜ್ಜೆಯಾಗಿ ಅಭ್ಯಾಸ ಮಾಡಿಸಿದ 35 ಜನರಲ್ಲಿ 31 ಮಂದಿಗೆ ಸಂಭೋಗ ಸಾಧ್ಯವಾಯಿತು. ಆ ಸಮಯದಲ್ಲಿ ಚಿಕಿತ್ಸೆಗೆ ಕಾಯುತ್ತಿದ್ದ 35 ಜನರಲ್ಲಿ 4 ಮಂದಿಗೆ ಮಾತ್ರ. ಮೊದಲು ಉಸಿರಾಟ, ಸ್ನಾಯು ಬಿಗಿ ಮಾಡಿ ಸಡಿಲ ಬಿಡುವ ಅಭ್ಯಾಸ, ಆಮೇಲೆ ನಿಮ್ಮದೇ ಬೆರಳು ಅಥವಾ ಸಣ್ಣದರಿಂದ ದೊಡ್ಡದಕ್ಕೆ ಹೋಗುವ ಡೈಲೇಟರ್, ಅಂದರೆ ಒಳಗೆ ಇಟ್ಟು ಅಭ್ಯಾಸ ಮಾಡುವ ನುಣುಪಾದ ಸಾಧನ. ವೇಗ ನೀವು ಹೇಳಿದಷ್ಟು. ಬೇಡ ಅಂದ ಕೂಡಲೇ ನಿಲ್ಲಬೇಕು.

ಭಟ್ಕಳದ ಓದುಗಿ:

ಇದಕ್ಕೆ ಎಲ್ಲಿ ಹೋಗಬೇಕು? ಗಂಡ ಜೊತೆಗೆ ಬರಬಹುದಾ?

ಹೊನ್ನಾವರ ಡಾಕ್ಟರ್:

ಬರಲಿ, ಬಂದರೆ ಒಳ್ಳೆಯದು. ನಿಮಗೆ ಮಣಿಪಾಲ ಹತ್ತಿರ. ಯಾವುದೇ ದೊಡ್ಡ ಆಸ್ಪತ್ರೆಯ ಸ್ತ್ರೀರೋಗ ವಿಭಾಗದಲ್ಲಿ ಹೆಂಗಸು ಡಾಕ್ಟರ್ ಬೇಕು ಅಂತ ಕೇಳಿ. ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿ (ಯೋನಿಯ ಸುತ್ತಲಿನ ಸ್ನಾಯುಗಳ ವ್ಯಾಯಾಮ ಚಿಕಿತ್ಸೆ) ಮಾಡುವವರು ಇದ್ದಾರಾ ಅಂತ ಫೋನಿನಲ್ಲೇ ವಿಚಾರಿಸಿಕೊಂಡು ಹೋಗಿ. ಒಳಪರೀಕ್ಷೆ ಮೊದಲ ದಿನವೇ ಬೇಡ ಅಂತ ನೀವು ಹೇಳಬಹುದು, ಮಾತಿನಲ್ಲೇ ಶುರು ಮಾಡುತ್ತಾರೆ. ನೀವು ಬರೆದದ್ದನ್ನೇ ಕಾಗದದಲ್ಲಿ ಬರೆದುಕೊಂಡು ಹೋಗಿ ಕೊಡಿ, ಅಷ್ಟು ಸ್ಪಷ್ಟವಾಗಿದೆ.